ಫೋನಿನಲ್ಲಿ ಕೇಳಿದ್ದನ್ನೇ ವೆಬ್‌ಸೈಟಿನಲ್ಲಿ ಬರೆಯಿರಿ

ನಮ್ಮ ಹೋಮ್‌ಸ್ಟೇಯ ಮೊದಲ ವೆಬ್‌ಸೈಟ್ ತೆರೆದು ಎಲ್ಲಾದರೂ ಬೆರಳಿಟ್ಟರೆ ಹಕ್ಕಿ ಕೂಗುತ್ತಿತ್ತು. ಸುಳ್ಳಲ್ಲ. ಹಕ್ಕಿಯ ಹಿಂದೆಯೇ ಜಲಪಾತದ ಫೋಟೊ ಜಾರಿಕೊಂಡು ಬರುತ್ತಿತ್ತು. ಅದರ ಮೇಲೆ ‘ಪ್ರಕೃತಿಯ ಮಡಿಲಲ್ಲಿ ಅವಿಸ್ಮರಣೀಯ ಅನುಭವ’ ಎಂಬ ಸಾಲು. ಮಾಡಿಕೊಟ್ಟವರಿಗೆ 28 ಸಾವಿರ ರೂಪಾಯಿ ಕೊಟ್ಟಿದ್ದೆವು. ಖುಷಿಯಲ್ಲಿ ಮಾವನಿಗೆ ತೋರಿಸಿದೆ. ಮಾವ ಕನ್ನಡಕ ಸರಿ ಮಾಡಿಕೊಂಡು, ಮೇಲೆ ಕೆಳಗೆ ಎಳೆದು ನೋಡಿ, ಒಂದೇ ಪ್ರಶ್ನೆ ಕೇಳಿದರು: “ಕೂಸೇ, ಇದ್ರಲ್ಲಿ ನಮ್ಮನೆ ಫೋನ್ ನಂಬರ್ ಎಲ್ಲಿದ್ದು?”

ನಾನೂ ಹುಡುಕಿದೆ. ಐದನೇ ಪುಟದ ಕೊನೆಯಲ್ಲಿತ್ತು. ಅದೂ ಒಂದು ಚಿತ್ರದ ಒಳಗೆ. ಒತ್ತಿದರೆ ಕರೆ ಹೋಗುತ್ತಿರಲಿಲ್ಲ, ಕಾಪಿ ಮಾಡಲೂ ಬರುತ್ತಿರಲಿಲ್ಲ.

ಶಿರಸಿಯಿಂದ ಕುಮಟಾ ಕಡೆ ಹೋಗುವ ರಸ್ತೆಯಲ್ಲಿ, ದೇವಿಮನೆ ಘಟ್ಟ ಇಳಿಯುವ ಮೊದಲೇ ಒಳಗೆ ತಿರುಗಿದರೆ ನಮ್ಮ ಮನೆ. ಅಡಿಕೆ ತೋಟ ಇದೆ. ಹಳೆಯ ಮನೆಗೆ ತಾಗಿ ಕಟ್ಟಿದ ನಾಲ್ಕು ಕೋಣೆಯ ಹೋಮ್‌ಸ್ಟೇ ಇದೆ. ಜೊತೆಗೆ ಅತ್ತೆ ಹಾಕುವ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ ಮಾರುತ್ತೇವೆ. ನಾನು ಕಂಪ್ಯೂಟರ್ ಓದಿದವಳಲ್ಲ, ಬಿ.ಕಾಂ. ಎರಡನೇ ವೆಬ್‌ಸೈಟನ್ನು ಭಾವನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೋಡ್ ಬರೆಯದೆ ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಎಂಬ ಸಾಧನದಲ್ಲಿ ನಾನೇ ಮಾಡಿದೆ. ಆಮೇಲೆ ಕಾರವಾರದ ಗೆಳತಿಯ ಖಾನಾವಳಿಗೆ ಒಂದು, ಅಂಕೋಲೆಯಲ್ಲಿ ಮಾವು ಮಾರುವ ಒಬ್ಬರಿಗೆ ಒಂದು ಮಾಡಿಕೊಟ್ಟೆ. ಆ ಮೂರರಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ಹೊಲಿಗೆ ಅಂಗಡಿಯಾದರೂ, ಪಂಪ್‌ಸೆಟ್ ರಿಪೇರಿಯಾದರೂ ದಾರಿ ಇದೇ.

ಮೊದಲು ಒಂದು ವಹಿ

ಕಂಪ್ಯೂಟರ್ ತೆರೆಯುವ ಮೊದಲು ಒಂದು ವಹಿ ತೆಗೆದುಕೊಳ್ಳಿ. ಫೋನಿನ ಪಕ್ಕ ಇಡಿ. 15 ದಿನ ಗ್ರಾಹಕರು ಫೋನಿನಲ್ಲಿ ಏನೇನು ಕೇಳುತ್ತಾರೋ ಅವರದೇ ಮಾತಿನಲ್ಲಿ ಬರೆಯಿರಿ. ತಿದ್ದಬೇಡಿ, ಚಂದ ಮಾಡಬೇಡಿ. ‘ವಾಹನ ನಿಲುಗಡೆ ವ್ಯವಸ್ಥೆ’ ಎಂದು ಯಾರೂ ಕೇಳುವುದಿಲ್ಲ. “ಕಾರು ಮನೆ ತನಕ ಬರ್ತದಾ?” ಎಂದು ಕೇಳುತ್ತಾರೆ. ಹಾಗೇ ಬರೆಯಿರಿ.

ನಮ್ಮ ಮನೆಯಲ್ಲಿ ಡೈರಿಯ ಹಾಲಿನ ಲೆಕ್ಕದ ಹಳೆಯ ವಹಿಯ ಹಿಂದಿನ ಪುಟಗಳಲ್ಲಿ ಬರೆದೆವು. ಫೋನ್ ಎತ್ತಿದವರೇ ಬರೆಯಬೇಕು ಅಂತ ಕರಾರು. 15 ದಿನಕ್ಕೆ 43 ಪ್ರಶ್ನೆ ಸೇರಿತು. ಕಾರು ಮನೆ ತನಕ ಬರ್ತದಾ ಎಂದು 14 ಜನ. ಊಟ ಸೇರಿ ಎಷ್ಟು ಎಂದು 11. ನೆಟ್‌ವರ್ಕ್ ಸಿಗ್ತದಾ ಎಂದು 6. ಉಂಬಳ (ಜಿಗಣೆ) ಕಚ್ತದಾ ಎಂದು 5, ಮಳೆಗಾಲವಲ್ವಾ. ಯಾಣ ಎಷ್ಟು ದೂರ ಎಂದು 4. ಉಳಿದ ಮೂರು ಚಿಲ್ಲರೆ. ಒಬ್ಬರು ನಾಯಿ ತರಬಹುದಾ ಅಂತ ಕೇಳಿದ್ದರು.

ಹಳೆಯ ವೆಬ್‌ಸೈಟಿನಲ್ಲಿ ‘ನಮ್ಮ ಬಗ್ಗೆ’ ಎಂಬ ಪುಟ ಎಲ್ಲಕ್ಕಿಂತ ಉದ್ದವಿತ್ತು. ಮುತ್ತಜ್ಜನ ಕಾಲದಿಂದ ಶುರು. ವಹಿಯಲ್ಲಿ ಮುತ್ತಜ್ಜನ ಬಗ್ಗೆ ಒಬ್ಬರೂ ಕೇಳಿರಲಿಲ್ಲ. ಕಾರು, ಊಟದ ದರ, ನೆಟ್‌ವರ್ಕ್, ಉಂಬಳ, ಇವು ಯಾವುವೂ ವೆಬ್‌ಸೈಟಿನಲ್ಲಿ ಇರಲಿಲ್ಲ.

ವಹಿಯಲ್ಲಿ ಜಾಸ್ತಿ ಬಂದ ಪ್ರಶ್ನೆ ಮೇಲೆ, ಕಡಿಮೆ ಬಂದದ್ದು ಕೆಳಗೆ. ಅಷ್ಟು ಮಾಡಿದರೆ ವೆಬ್‌ಸೈಟಿನ ಅರ್ಧ ಕೆಲಸ ಮುಗಿಯಿತು. ಬಣ್ಣ, ಅಕ್ಷರ, ಲೋಗೊ ಎಲ್ಲ ಆಮೇಲಿನ ಮಾತು.

ಜಗಲಿ ಹತ್ತಿದವರಿಗೆ ಮೊದಲು ಆಸ್ರಿ

ನಮ್ಮ ಕಡೆ ಯಾರಾದರೂ ಜಗಲಿ ಹತ್ತಿದರೆ “ಆಸ್ರಿಗೆ ಎಂತ ಬೇಕು?” ಎಂದು ಕೇಳುತ್ತೇವೆ. ನೀರು, ಬೆಲ್ಲ, ಮಜ್ಜಿಗೆ, ಬೇಕಾದವರಿಗೆ ಕವಳ, ಅಂದರೆ ಎಲೆ ಅಡಿಕೆ. ಮನೆಯ ವಂಶಾವಳಿ ಹೇಳುವುದು ಊಟ ಆದ ಮೇಲೆ. ವೆಬ್‌ಸೈಟಿನಲ್ಲಿ ಆಸ್ರಿ ಅಂದರೆ ಫೋನಿನ ಮೊದಲ ಪರದೆ. ಬೆರಳಿನಿಂದ ಎಳೆಯುವ ಮೊದಲು ಏನು ಕಾಣುತ್ತದೋ ಅದು.

ಅಲ್ಲಿ ನಾಲ್ಕು ವಿಷಯ ಇರಲೇಬೇಕು. ಇದು ಏನು, ಎಲ್ಲಿದೆ, ಎಷ್ಟು ದುಡ್ಡು, ಮಾತಾಡುವುದು ಹೇಗೆ. ನಾವು ಆ ‘ಪ್ರಕೃತಿಯ ಮಡಿಲು’ ಅಳಿಸಿ ಹೀಗೆ ಬರೆದೆವು:

“ಶಿರಸಿ–ಕುಮಟಾ ರಸ್ತೆಯಿಂದ ಒಳಗೆ, ಅಡಿಕೆ ತೋಟದ ಮನೆ. 4 ಕೋಣೆ. ಊಟ ತಿಂಡಿ ಸೇರಿ ಒಬ್ಬರಿಗೆ ದಿನಕ್ಕೆ 1,800 ರೂ. ಕಾರು ಅಂಗಳದವರೆಗೆ ಬರುತ್ತದೆ.”

ಓದಿದರೆ ಕವಿತೆ ಅನ್ನಿಸುವುದಿಲ್ಲ, ನಿಜ. ಆದರೆ ಹುಬ್ಬಳ್ಳಿಯಲ್ಲಿ ಕೂತು ಭಾನುವಾರಕ್ಕೆ ಜಾಗ ಹುಡುಕುವವರಿಗೆ ಬೇಕಾದದ್ದು ಅದೇ. ಯಾರ ಮಡಿಲು ಎಂದು ಅವರಿಗೇಕೆ?

ದರ ಹಾಕುವ ಬಗ್ಗೆ ನಮ್ಮನೆಯವರಿಗೂ ನನಗೂ ಎರಡು ದಿನ ಚರ್ಚೆ ನಡೆಯಿತು. “ದರ ನೋಡಿ ಓಡಿಹೋಗ್ತಾರೆ, ಫೋನ್ ಮಾಡಿದ್ರೆ ಮಾತಾಡಿ ಒಪ್ಪಿಸಬಹುದು” ಎನ್ನುವುದು ಅವರ ವಾದ. ಹನ್ನೊಂದು ಜನ ಫೋನ್ ಮಾಡಿ ದರ ಕೇಳಿದ್ದನ್ನು ವಹಿಯಲ್ಲಿ ತೋರಿಸಿದೆ. ಆ ಹನ್ನೊಂದರಲ್ಲಿ ಬಂದವರು ಇಬ್ಬರು. ಉಳಿದ ಒಂಬತ್ತು ಜನರ ಜೊತೆ ಅವರು ತೋಟದ ಕೆಲಸ ಬಿಟ್ಟು ಮಾತಾಡಿದ್ದರು. ದರ ಹಾಕಿದ ಮೇಲೆ ಕರೆ ಕಡಿಮೆಯಾದವು, ಆದರೆ ಬಂದ ಕರೆಗಳಲ್ಲಿ ಹೆಚ್ಚಿನವು “ಕೋಣೆ ಖಾಲಿ ಉಂಟಾ?” ಎನ್ನುವ ಕರೆಗಳು. ದರ ನಿಖರವಾಗಿ ಹೇಳಲಾಗದ ಕೆಲಸವಾದರೆ ‘ಇಷ್ಟರಿಂದ ಶುರು’ ಎಂದಾದರೂ ಹಾಕಿ. ‘ದರಕ್ಕಾಗಿ ಸಂಪರ್ಕಿಸಿ’ ಎಂದು ಬರೆದರೆ ನಾನಂತೂ ಆ ಪುಟ ಮುಚ್ಚುತ್ತೇನೆ.

ಫೋನ್ ನಂಬರ್ ಅಕ್ಷರದಲ್ಲೇ ಇರಲಿ, ಚಿತ್ರದಲ್ಲಿ ಬೇಡ. ಒತ್ತಿದರೆ ನೇರ ಕರೆ ಹೋಗುವಂತೆ ಲಿಂಕ್ ಹಾಕಬಹುದು, ಐದು ನಿಮಿಷದ ಕೆಲಸ. ವಾಟ್ಸಾಪ್‌ಗೂ ಹಾಗೆಯೇ ‘ಕ್ಲಿಕ್ ಟು ಚಾಟ್’ ಎಂಬ ಲಿಂಕ್ ಇದೆ. ಅದರಲ್ಲಿ ನಂಬರ್ ಬರೆಯುವಾಗ ಮುಂದೆ 91 ಸೇರಿಸಬೇಕು. ಪ್ಲಸ್ ಚಿಹ್ನೆ, ಶುರುವಿನ ಸೊನ್ನೆ, ನಡುವೆ ಗೆರೆ ಇವೆಲ್ಲ ಇರಬಾರದು. ನಾನು ಮೊದಲ ಸಲ ಪ್ಲಸ್ ಹಾಕಿ, ನಡುವೆ ಜಾಗ ಬಿಟ್ಟು, ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡೆ. ಆ ಲಿಂಕಿನಲ್ಲೇ ಒಂದು ಸಾಲು ಮೊದಲೇ ಬರೆದಿಡಬಹುದು. ನಮ್ಮದು “ಯಾವ ದಿನ, ಎಷ್ಟು ಜನ:” ಎಂದು ಶುರುವಾಗುತ್ತದೆ. ಜನ ಉಳಿದದ್ದು ತುಂಬಿ ಕಳಿಸುತ್ತಾರೆ. ‘ಹಾಯ್’ ಎಂದು ಕಳಿಸಿ ಸುಮ್ನೆ ಕೂರುವುದು ಕಡಿಮೆಯಾಯಿತು.

ಗುಂಡಿಗಳು ದೊಡ್ಡದಿರಲಿ. ಆಂಡ್ರಾಯ್ಡ್‌ನವರು ಹೇಳುವ ಅಳತೆ ಕನಿಷ್ಠ 48 ಡಿಪಿ, ಆಪಲ್‌ನವರದ್ದು 44 ಪಾಯಿಂಟ್, ಎರಡೂ ಪರದೆಯ ಅಳತೆಯ ಮಾನ. ಅಂದಾಜಿಗೆ ಹೆಬ್ಬೆರಳಿನ ತುದಿಯಷ್ಟು. ಅಡಿಕೆ ಸುಲಿದು ಬೆರಳು ದಪ್ಪಗಾದ ನಮ್ಮ ಕಡೆಯವರಿಗೆ ಇನ್ನೂ ಸ್ವಲ್ಪ ದೊಡ್ಡದಾದರೂ ನಷ್ಟವಿಲ್ಲ. ಗುಂಡಿಯ ಮೇಲೆ ‘ಸಂಪರ್ಕಿಸಿ’ ಬೇಡ, ‘ಫೋನ್ ಮಾಡಿ’ ಎಂದು ಬರೆಯಿರಿ. ಒತ್ತಿದರೆ ಏನಾಗುತ್ತದೋ ಅದೇ ಮಾತು.

ಫೋಟೊ, ಮತ್ತು ಘಟ್ಟದ ನೆಟ್‌ವರ್ಕ್

ನಮ್ಮ ಗ್ರಾಹಕರು ವೆಬ್‌ಸೈಟ್ ನೋಡುವುದು ಎಲ್ಲಿ? ಅರ್ಧ ಜನ ಮನೆಯಲ್ಲಿ. ಇನ್ನರ್ಧ ದಾರಿಯಲ್ಲಿ, ಕಾರು ನಿಲ್ಲಿಸಿಕೊಂಡು, ಒಂದು ಕಡ್ಡಿ ನೆಟ್‌ವರ್ಕಿನಲ್ಲಿ. ದಾರಿ ತಪ್ಪಿದವರಿಗೇ ವೆಬ್‌ಸೈಟ್ ಜಾಸ್ತಿ ಬೇಕು, ಅವರಿಗೇ ಅದು ತೆರೆಯುವುದಿಲ್ಲ. ಅದಕ್ಕೇ ನಾನು ಏನೇ ಬದಲಾಯಿಸಿದರೂ ಶಿರಸಿ ಪೇಟೆಯಲ್ಲಿ ನೋಡಿ ಖುಷಿಪಡುವುದಿಲ್ಲ. ಕುಮಟೆಗೆ ಹೋಗುವಾಗ ಘಟ್ಟದ ತಿರುವಿನಲ್ಲಿ ಗಾಡಿ ಬದಿಗೆ ಹಾಕಿ ತೆರೆದು ನೋಡುತ್ತೇನೆ. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಎನ್ನುವುದು ಗೂಗಲ್‌ನವರ ಅಳತೆ. ನಮ್ಮ ಹಳೆಯದು ಆ ತಿರುವಿನಲ್ಲಿ ಒಂದು ಕವಳ ಹಾಕಿ ಮುಗಿಸುವಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು.

ತಪ್ಪು ಫೋಟೊಗಳದ್ದು. ಈಗಿನ ಫೋನಿನಲ್ಲಿ ತೆಗೆದ ಒಂದು ಫೋಟೊ 3–4 ಎಂಬಿ ಇರುತ್ತದೆ. ಹಾಗೇ ಹತ್ತು ಫೋಟೊ ಏರಿಸಿದರೆ ಪುಟ ಏಳುವುದೇ ಇಲ್ಲ. ಅಗಲ 1,200 ಪಿಕ್ಸೆಲ್‌ಗೆ ಇಳಿಸಿ, ಒಂದೊಂದು ಫೋಟೊ 150–200 ಕೆಬಿ ಒಳಗೆ ಬರುವಂತೆ ಮಾಡಿ. ಗೂಗಲ್‌ನ ‘ಸ್ಕ್ವೂಶ್’ ಎಂಬ ಉಚಿತ ಸಾಧನ ಬ್ರೌಸರಿನಲ್ಲೇ ಈ ಕೆಲಸ ಮಾಡುತ್ತದೆ. ವೆಬ್‌ಪಿ ಎಂಬ ನಮೂನೆಯಲ್ಲಿ ಉಳಿಸಿದರೆ ಇನ್ನೂ ಹಗುರ. ಫೋನಿನ ಪರದೆಯಲ್ಲಿ ವ್ಯತ್ಯಾಸ ಕಣ್ಣಿಗೆ ಗೊತ್ತಾಗುವುದಿಲ್ಲ.

ಜಾರುವ ಫೋಟೊಗಳ ಸಾಲು ತೆಗೆದುಹಾಕಿ. ಅದು ಮಾಡುವವರಿಗೆ ಇಷ್ಟ, ನೋಡುವವರಿಗೆ ಅಲ್ಲ. ಓದುತ್ತಿದ್ದ ಸಾಲು ಜಾರಿ ಹೋದರೆ ಸಿಟ್ಟು ಬರುವುದಿಲ್ವಾ?

ಯಾವ ಫೋಟೊ ಹಾಕಬೇಕು ಎಂಬುದಕ್ಕೂ ವಹಿಯನ್ನೇ ಕೇಳಿ. ನಮ್ಮಲ್ಲಿ ಬೇಕಾಗಿದ್ದು ಜಲಪಾತವಲ್ಲ, ಬಚ್ಚಲುಮನೆ. ಕೋಣೆ, ಮಂಚ, ಶೌಚಾಲಯ, ಬಾಳೆ ಎಲೆಯ ಮೇಲಿನ ಊಟ, ಕಾರು ನಿಲ್ಲಿಸುವ ಅಂಗಳ. ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಫೋಟೊ ಒಂದು ತಿರುವಿನದು. ಡಾಂಬರು ರಸ್ತೆ ಬಿಟ್ಟು ಮಣ್ಣು ರಸ್ತೆಗೆ ಇಳಿಯುವ ಜಾಗ, ಪಕ್ಕದಲ್ಲಿ ಬಸ್ ಸ್ಟಾಪಿನ ಹೆಂಚಿನ ಮಾಡು. ಅದರ ಕೆಳಗೆ “ಇಲ್ಲಿ ಎಡಕ್ಕೆ” ಎಂದು ಬರೆದಿದ್ದೇನೆ. ದಾರಿ ಕೇಳುವ ಕರೆ ಹತ್ತರಲ್ಲಿ ಎರಡಕ್ಕೆ ಇಳಿದಿದೆ. ಇನ್ನೊಂದು ಮಾತು: ಇಂಟರ್‌ನೆಟ್ಟಿನಿಂದ ಸಿಕ್ಕಿದ ಫೋಟೊ ಎತ್ತಿ ಹಾಕಬೇಡಿ. ಅದು ಇನ್ನೊಬ್ಬರ ಸೊತ್ತು. ಬಂದ ಅತಿಥಿ “ಫೋಟೊದಲ್ಲಿದ್ದ ಕೊಳ ಎಲ್ಲಿ?” ಎಂದು ಕೇಳಿದಾಗ ಮುಖ ಎಲ್ಲಿ ಇಟ್ಟುಕೊಳ್ಳುವುದು?

ಗೂಗಲ್ ಮ್ಯಾಪಿನ ಗುರುತು ಸರಿ ಇದೆಯಾ ನೋಡಿ. ಮೊದಲ ವೆಬ್‌ಸೈಟಿನಲ್ಲಿ ನಮ್ಮ ಗುರುತು ಊರಿನ ಹೆಸರಿನ ಮೇಲೆ ಕೂತಿತ್ತು. ನಮ್ಮ ಜಿಲ್ಲೆಯಲ್ಲಿ ಒಂದೇ ಹೆಸರಿನ ಊರು, ಕೇರಿಗಳಿಗೆ ಬರವಿಲ್ಲ. ಒಂದು ಕುಟುಂಬ ರಾತ್ರಿ ಎಂಟೂವರೆಗೆ ಹನ್ನೊಂದು ಕಿ.ಮೀ. ಆಚೆಯ ಇನ್ನೊಂದು ಮನೆಯ ದಣಪೆ ಸರಿಸಿ ಒಳಗೆ ಹೋಗಿತ್ತು. ಆ ಮನೆಯವರು ಊಟ ಹಾಕಿಯೇ ಕಳಿಸಿದರು ಅನ್ನುವುದು ಬೇರೆ ವಿಷಯ. ಹಳ್ಳಿ ಮನೆಗೆ ಬೀದಿ ಹೆಸರು, ಕ್ರಾಸ್ ನಂಬರ್ ಎಲ್ಲ ಎಲ್ಲಿಂದ ತರುವುದು? ಮ್ಯಾಪಿನಲ್ಲಿ ನಿಮ್ಮ ಅಂಗಳದ ಮೇಲೆ ಬೆರಳು ಒತ್ತಿ ಹಿಡಿದರೆ ‘ಪ್ಲಸ್ ಕೋಡ್’ ಎಂಬ ಪುಟ್ಟ ಸಂಕೇತ ಬರುತ್ತದೆ. ಅದನ್ನು ವಿಳಾಸದ ಜೊತೆ ಹಾಕಿ. ಹಾಗೆಯೇ ಗೂಗಲ್ ಹುಡುಕಾಟದಲ್ಲೂ ಮ್ಯಾಪಿನಲ್ಲೂ ನಿಮ್ಮ ಹೆಸರು, ನಂಬರ್ ತೋರಿಸುವ ಗೂಗಲ್‌ನ ಬಿಸಿನೆಸ್ ಪ್ರೊಫೈಲ್ ಉಚಿತ, ಅದನ್ನೂ ಮಾಡಿಕೊಳ್ಳಿ. ಎಷ್ಟೋ ಜನ ಅದನ್ನು ನೋಡಿಯೇ ಕರೆ ಮಾಡುತ್ತಾರೆ, ವೆಬ್‌ಸೈಟಿಗೆ ಬರುವುದೇ ಇಲ್ಲ. ಅಲ್ಲಿಯ ನಂಬರ್, ಸಮಯ, ಹೆಸರು ಮತ್ತು ವೆಬ್‌ಸೈಟಿನದ್ದು ಒಂದೇ ಇರಬೇಕು.

ರಸ್ತೆ ಬಂದಾದ ದಿನ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದಾಯಿತು. ಜೀವ ಹೋದವು. ಆ ವಾರ ನಮಗೆ ಬಂದ ಕರೆಗಳೆಲ್ಲ ಒಂದೇ: ಬರಬಹುದಾ, ಯಾವ ಕಡೆಯಿಂದ ಬರಬೇಕು. ಮಳೆಗಾಲದಲ್ಲಿ ಘಟ್ಟದ ರಸ್ತೆಗಳದ್ದೂ ಇದೇ ಕಥೆ. ಒಂದಲ್ಲ ಒಂದು ಕಡೆ ಮಣ್ಣು ಜಾರುತ್ತದೆ, ಇಲ್ಲ ಕಾಮಗಾರಿ ಅಂತ ತಡೆಯುತ್ತಾರೆ.

ಆಗಲೇ ಪುಟದ ತಲೆಯಲ್ಲಿ ಹಳದಿ ಬಣ್ಣದ ಒಂದು ಪಟ್ಟಿ ಇಟ್ಟೆ. ಒಂದೇ ಸಾಲು ಹಿಡಿಯುತ್ತದೆ. ವರ್ಡ್‌ಪ್ರೆಸ್‌ನ ಫೋನ್ ಆ್ಯಪಿನಲ್ಲೇ ಅದನ್ನು ಬದಲಾಯಿಸುತ್ತೇನೆ, ಅಡಿಗೆ ಮನೆಯಲ್ಲಿ ನಿಂತುಕೊಂಡೇ. ನಿಯಮ ಒಂದೇ: ತಾರೀಕು ಹಾಕಬೇಕು. “ಇಂದು ರಸ್ತೆ ಬಂದ್” ಎಂದು ಬರೆದು ಮರೆತರೆ ಆ ‘ಇಂದು’ ಮೂರು ತಿಂಗಳು ಕೂತಿರುತ್ತದೆ. ನಾನು ಹಾಗೆ ಮಾಡಿ ದೀಪಾವಳಿಯ ಎರಡು ಬುಕಿಂಗ್ ಕಳೆದುಕೊಂಡೆ.

ಬದಲಾಗುವ ವಿಷಯವನ್ನು ಬದಲಾಗದ ವಿಷಯದಿಂದ ಬೇರೆ ಇಡುವುದು ಕಾರವಾರದ ಖಾನಾವಳಿಯಲ್ಲಿ ಇನ್ನೂ ಚೆನ್ನಾಗಿ ಗೊತ್ತಾಯಿತು. ಗೆಳತಿ ಮೆನುವನ್ನು ಚಂದಕ್ಕೆ ಪ್ರಿಂಟ್ ಮಾಡಿಸಿ ಅದರ ಪಿಡಿಎಫ್ ಹಾಕಿದ್ದಳು. ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದಬೇಕು. ಮೇಲಾಗಿ ಅದರಲ್ಲಿ ಇಸ್ವಾಣ ಮೀನಿನ ದರ ಛಾಪಾ ಹಾಕಿತ್ತು. ಬೈತಖೋಲ ಬಂದರಿಗೆ ಬೋಟ್ ಬಂದರೆ ಒಂದು ದರ, ಬಾರದಿದ್ದರೆ ಇನ್ನೊಂದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಆಗಂತೂ ಕೇಳುವುದೇ ಬೇಡ. ಪಿಡಿಎಫ್ ತೆಗೆದು ಅಕ್ಷರದಲ್ಲಿ ಎರಡು ಪಟ್ಟಿ ಮಾಡಿದೆವು. ‘ಕಾಯಂ ಸಿಗುವುದು’, ಇದರಲ್ಲಿ ಊಟ, ಸೋಲ್‌ಕಡಿ, ಬಂಗಡೆ, ದರ ಸಮೇತ. ‘ಬೋಟ್ ಬಂದರೆ ಸಿಗುವುದು’, ಇದರಲ್ಲಿ ಉಳಿದ ಮೀನು, ದರ ಇಲ್ಲ, “ಹನ್ನೊಂದು ಗಂಟೆಯ ಮೇಲೆ ಫೋನ್ ಮಾಡಿ ಕೇಳಿ” ಎಂಬ ಸಾಲು. ಈಗ ಗಿರಾಕಿಗಳು “ಇವತ್ತು ಬೋಟ್ ಬಂತಾ?” ಎಂದೇ ಶುರು ಮಾಡುತ್ತಾರಂತೆ. ವಾರದ ರಜೆ ಯಾವ ದಿನ ಎಂಬುದನ್ನು ಮಾತ್ರ ಮರೆಯಬೇಡಿ. ಗೋವೆಯಿಂದ ಊಟಕ್ಕೆಂದೇ ಬಂದವರು ಮುಚ್ಚಿದ ಬಾಗಿಲು ನೋಡಿ ಬೈದುಕೊಂಡು ಹೋದದ್ದು ಇದೆ.

ಅಂಕೋಲೆಯ ಮಾವಿನವರ ತೊಂದರೆ ಬೇರೆ. ಕರಿ ಇಶಾಡು ಹಣ್ಣಿಗೆ 2023ರಲ್ಲಿ ಭೌಗೋಳಿಕ ಗುರುತು, ಅದೇ ಜಿಐ ಟ್ಯಾಗ್ ಸಿಕ್ಕಿತು. ಹೆಸರು ಹುಡುಕಿಕೊಂಡು ಬರುವವರು ವರ್ಷವಿಡೀ ಇದ್ದಾರೆ, ಹಣ್ಣು ಇರುವುದು ಬೇಸಿಗೆಯ ಕೆಲವು ವಾರ. ಅವರು ಸೀಸನ್ ಮುಗಿದ ಕೂಡಲೇ ಪುಟವನ್ನೇ ತೆಗೆದುಬಿಡುತ್ತಿದ್ದರು. ತೆಗೆಯಬೇಡಿ ಎಂದೆ. “ಈ ವರ್ಷದ ಹಣ್ಣು ಮುಗಿದಿದೆ. ಮುಂದಿನ ಬೇಸಿಗೆಗೆ ತಿಳಿಸಬೇಕಾದರೆ ವಾಟ್ಸಾಪ್‌ನಲ್ಲಿ ಹೆಸರು ಕಳಿಸಿ.” ಅಷ್ಟೇ ಸಾಕು. ಹೆಸರುಗಳು ಕೂಡುತ್ತಾ ಹೋಗುತ್ತವೆ.

ಕನ್ನಡ ಅಕ್ಷರ

ಜಿರಾಕ್ಸ್ ಅಂಗಡಿಯಲ್ಲಿ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿಸಿದ್ದನ್ನು ಹಾಗೇ ವೆಬ್‌ಸೈಟಿಗೆ ಅಂಟಿಸಿದರೆ ಮಂತ್ರವಾದಿಯ ಚೀಟಿಯಂತೆ ಕಾಣುತ್ತದೆ. ಎಲ್ಲ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್ ಅಕ್ಷರದಲ್ಲೇ ಬರೆಯಿರಿ. ಫೋನಿನಲ್ಲಿ ನೀವು ಟೈಪ್ ಮಾಡುವುದು ಯೂನಿಕೋಡೇ. ಹಳೆಯ ಬರಹ ಇದ್ದರೆ ಬದಲಾಯಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ, ಆದರೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣು ಹಾಯಿಸಿ ನೋಡಿಕೊಳ್ಳಿ. ಯೂನಿಕೋಡ್ ಆದರೆ ಮಾತ್ರ ಗೂಗಲ್‌ನಲ್ಲಿ ಹುಡುಕಿದವರಿಗೆ ನೀವು ಸಿಗುತ್ತೀರಿ. ‘ಅಪ್ಪೆಮಿಡಿ ಉಪ್ಪಿನಕಾಯಿ’ ಎಂದು ಕನ್ನಡದಲ್ಲೇ ಹುಡುಕುವವರು ಇದ್ದಾರೆ, ಅವರೇ ಆರಾರು ಬಾಟಲಿ ತೆಗೆದುಕೊಳ್ಳುವವರು.

ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಅಕ್ಷರದ ಅಳತೆ 18 ಪಿಕ್ಸೆಲ್, ಸಾಲಿನ ಅಂತರ ಅದರ 1.7 ಪಟ್ಟು ಇಟ್ಟುಕೊಂಡಿದ್ದೇನೆ. ಅಕ್ಷರ ಶೈಲಿ ನೋಟೊ ಸಾನ್ಸ್ ಕನ್ನಡ, ಉಚಿತ. ಬೂದು ಬಣ್ಣದ ತೆಳು ಅಕ್ಷರ ಬೇಡವೇ ಬೇಡ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ವ್ಯತ್ಯಾಸ ಬೇಕು ಎಂಬ ಲೆಕ್ಕ ಇದೆ. ನನ್ನ ಲೆಕ್ಕ ಸುಲಭ: ಮಧ್ಯಾಹ್ನ ಹನ್ನೆರಡಕ್ಕೆ ಅಡಿಕೆ ಒಣಹಾಕಿದ ಅಂಗಳದಲ್ಲಿ ನಿಂತು ಓದಲು ಬಂದರೆ ಪಾಸು.

ಸಾದಾ ಮಾಡಿದರೆ ಬಡವಾಗಿ ಕಾಣುತ್ತದೆ ಎನ್ನುವವರು ಇರುತ್ತಾರೆ. ಟಿಮ್ ಬರ್ನರ್ಸ್-ಲೀ ಜಿನೀವಾದ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಮಾಡಿ 1991ರಲ್ಲಿ ಎಲ್ಲರಿಗೂ ತೆರೆದ ಜಗತ್ತಿನ ಮೊದಲ ವೆಬ್‌ಸೈಟಿನಲ್ಲಿ ಇದ್ದದ್ದು ಬರಹ ಮತ್ತು ಲಿಂಕ್ ಮಾತ್ರ. ನಮ್ಮ ಘಟ್ಟದ ತಿರುವಿನಲ್ಲೂ ಅದು ಥಟ್ ಅಂತ ತೆರೆಯಿತು. ನಾನೇ ನೋಡಿದ್ದೇನೆ.

ಉಪ್ಪಿನಕಾಯಿ ಮಾರಲು ಅಂಗಡಿ ಪುಟ ಬೇಕಾ

ತಿಂಗಳಿಗೆ ನಲವತ್ತು ಆರ್ಡರ್ ಬರುವ ನಮಗೆ ಬೇಕಾಗಲಿಲ್ಲ. ಸಾಮಾನು ತುಂಬುವ ತಳ್ಳುಗಾಡಿಯ (ಕಾರ್ಟ್) ಚಿತ್ರ, ಲಾಗಿನ್, ಪಾಸ್‌ವರ್ಡ್ ಎಲ್ಲ ಇಟ್ಟರೆ ಅದನ್ನು ನೋಡಿಕೊಳ್ಳುವುದೇ ಒಂದು ಕೆಲಸ. ವೆಬ್‌ಸೈಟಿನಲ್ಲಿ ಗ್ರಾಹಕರ ದುಡ್ಡು ಪಡೆದು ನಮಗೆ ಮುಟ್ಟಿಸುವ ಪೇಮೆಂಟ್ ಗೇಟ್‌ವೇಯವರು ಸಾಮಾನ್ಯವಾಗಿ ನೂರಕ್ಕೆ ಎರಡು ರೂಪಾಯಿಯ ಹತ್ತಿರ ಹಿಡಿದುಕೊಳ್ಳುತ್ತಾರೆ. ವಾಟ್ಸಾಪ್‌ನಲ್ಲಿ ಆರ್ಡರ್, ಯುಪಿಐನಲ್ಲಿ ದುಡ್ಡು, ಇಷ್ಟರಲ್ಲೇ ನಡೆಯುತ್ತಿದೆ. ದಿನಕ್ಕೆ ಹತ್ತಿಪ್ಪತ್ತು ಆರ್ಡರ್ ಬರತೊಡಗಿ ಕೈಬರಹದ ಲೆಕ್ಕ ತಪ್ಪಿದ ದಿನ ಅಂಗಡಿ ಪುಟ ಮಾಡಿದರಾಯಿತು.

ಆದರೆ ವಸ್ತುವಿನ ವಿವರ ಪೂರ್ತಿ ಬರೆಯಿರಿ. ತೂಕ, ಏನೇನು ಹಾಕಿದೆ, ಎಷ್ಟು ತಿಂಗಳು ಇಡಬಹುದು, ಒದ್ದೆ ಚಮಚ ತಾಗಿಸಬಾರದು, ವಾರದ ಯಾವ ದಿನ ಪಾರ್ಸೆಲ್ ಕಳಿಸುತ್ತೀರಿ. ತಿನ್ನುವ ವಸ್ತುವಾದರೆ ಆಹಾರ ಸುರಕ್ಷತೆಯ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಬಾಟಲಿಯ ಮೇಲೂ ಪುಟದ ಮೇಲೂ ಇರಲಿ. ಪಾರ್ಸೆಲ್ ಖರ್ಚನ್ನು ಕೊನೆಗೆ ಹೇಳಬೇಡಿ. “ಬೆಂಗಳೂರಿಗೆ ಎರಡು ಬಾಟಲಿ, ಪಾರ್ಸೆಲ್ ಸೇರಿ ಇಷ್ಟು” ಎಂದು ಮೊದಲೇ ಹೇಳಿದರೆ ಜಗಳವಿಲ್ಲ. ಹಳೆಯ ವೆಬ್‌ಸೈಟಿನ ಫಾರ್ಮಿನಲ್ಲಿ ಒಂಬತ್ತು ಖಾನೆ ಇದ್ದವು, ಹುಟ್ಟಿದ ದಿನಾಂಕ ಸಮೇತ. ಉಪ್ಪಿನಕಾಯಿಗೆ ಹುಟ್ಟಿದ ದಿನಾಂಕ ಯಾಕೆ ಬೇಕಿತ್ತೋ! ಎಂಟು ತಿಂಗಳಲ್ಲಿ ಅದನ್ನು ತುಂಬಿದವರು ಮೂವರು. ಈಗ ಹೆಸರು, ಫೋನ್, ಪಿನ್‌ಕೋಡ್.

ಹೆಸರು ಯಾರ ಕೈಯಲ್ಲಿದೆ

ಇದನ್ನು ಮೊದಲೇ ಬರೆಯಬೇಕಿತ್ತು. ಮೊದಲ ವೆಬ್‌ಸೈಟ್ ಮಾಡಿಕೊಟ್ಟವರು ಡೊಮೇನ್ ಹೆಸರನ್ನು, ಅಂದರೆ ವೆಬ್‌ಸೈಟಿನ ವಿಳಾಸವನ್ನು, ಅವರದೇ ಇಮೇಲಿನಲ್ಲಿ, ಅವರದೇ ಖಾತೆಯಲ್ಲಿ ತೆಗೆದುಕೊಂಡಿದ್ದರು. ನಮಗೆ ಗೊತ್ತೇ ಇರಲಿಲ್ಲ. ಎರಡನೇ ವರ್ಷ ನವೀಕರಣದ ಹೊತ್ತಿಗೆ ಅವರ ಫೋನ್ ಸ್ವಿಚ್ ಆಫ್. ಒಂದು ದಿನ ಪುಟ ತೆರೆಯಲಿಲ್ಲ. ಹೆಸರು ಹೋಯಿತು. ಆ ಹೆಸರನ್ನು ಉಪ್ಪಿನಕಾಯಿಯ 600 ಲೇಬಲ್ಲಿನ ಮೇಲೆ ಅಚ್ಚು ಹಾಕಿಸಿದ್ದೆವು. ಅತ್ತೆ ಈಗಲೂ ಆ ಲೇಬಲ್ಲಿನ ಹಿಂದುಗಡೆ ಸಾಮಾನಿನ ಪಟ್ಟಿ ಬರೆಯುತ್ತಾರೆ.

ಯಾರೇ ಮಾಡಿಕೊಡಲಿ, ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ, ನಿಮ್ಮ ಫೋನ್ ನಂಬರಿನಲ್ಲಿ ಇರಬೇಕು. ದುಡ್ಡು ಕೊಡುವ ಮೊದಲು ಆ ಖಾತೆಗೆ ನೀವೇ ಲಾಗಿನ್ ಆಗಿ ನೋಡಿ. ಹೋಸ್ಟಿಂಗ್ (ವೆಬ್‌ಸೈಟ್ ಇಡುವ ಬಾಡಿಗೆ ಜಾಗ) ಖಾತೆ, ವರ್ಡ್‌ಪ್ರೆಸ್ ಪಾಸ್‌ವರ್ಡ್, ಗೂಗಲ್ ಪ್ರೊಫೈಲ್ ಎಲ್ಲಕ್ಕೂ ಇದೇ ಮಾತು. ಶಿರಸಿ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದನ್ನು ಊರಿಗೆ ಊರೇ ನೆನಪಿಟ್ಟುಕೊಳ್ಳುತ್ತದೆ. ಡೊಮೇನ್ ನವೀಕರಣ ವರ್ಷಕ್ಕೊಮ್ಮೆ, ಯಾರಿಗೂ ನೆನಪಿರುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದಕ್ಕೂ ಒಂದು ತಿಂಗಳು ಮೊದಲಿನ ದಿನಕ್ಕೆ. ವಿಳಾಸದ ಪಕ್ಕ ‘ಸುರಕ್ಷಿತವಲ್ಲ’ ಎಂದು ಬರುತ್ತಿದ್ದರೆ ಹೋಸ್ಟಿಂಗ್‌ನವರಿಗೆ ಎಸ್‌ಎಸ್‌ಎಲ್ ಎಂಬ ಸುರಕ್ಷತೆಯ ಪ್ರಮಾಣಪತ್ರ ಹಾಕಲು ಹೇಳಿ, ‘ಲೆಟ್ಸ್ ಎನ್‌ಕ್ರಿಪ್ಟ್’ನಿಂದ ಅದು ಪುಕ್ಕಟೆ ಸಿಗುತ್ತದೆ.

ಐದು ಜನರ ಕೈಗೆ ಕೊಡಿ

ಮುಗಿಯಿತು ಅನ್ನಿಸಿದ ಮೇಲೆ ಐದು ಜನರ ಕೈಗೆ ಫೋನ್ ಕೊಟ್ಟು ನೋಡಿ. ಐದೇ ಯಾಕೆ ಅಂದರೆ, ಜಾಕೋಬ್ ನೀಲ್ಸನ್ ಎಂಬ ತಜ್ಞರು 2000ದಲ್ಲೇ ಬರೆದಿದ್ದಾರೆ, ಐದು ಜನರನ್ನು ಕೂರಿಸಿದರೆ ಹೆಚ್ಚಿನ ತಪ್ಪು ಹೊರಗೆ ಬರುತ್ತದೆ ಎಂದು. ನನ್ನ ಐವರು: ಮಾವ, ಡೈರಿಯಲ್ಲಿ ಹಾಲು ಅಳೆಯುವವರು, ಶಾಲೆಯ ಅಕ್ಕೋರು, ಹುಬ್ಬಳ್ಳಿಯ ಹಳೆಯ ಅತಿಥಿಯೊಬ್ಬರು, ಕಾಲೇಜಿಗೆ ಹೋಗುವ ಪಕ್ಕದ ಮನೆಯ ಹುಡುಗ.

“ಹೇಗಿದೆ?” ಎಂದು ಕೇಳಬೇಡಿ. ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ, ನಿಮ್ಮ ಮುಖ ನೋಡಿ. ಒಂದು ಕೆಲಸ ಕೊಡಿ. “ಬರುವ ಶನಿವಾರ ನಾಲ್ಕು ಜನಕ್ಕೆ ಕೋಣೆ ಬೇಕು, ಎಷ್ಟಾಗ್ತದೆ ಹೇಳಿ” ಎಂದು ಹೇಳಿ ಸುಮ್ನೆ ಕೂರಿ. ಕಷ್ಟ ಇರುವುದು ಈ ಸುಮ್ನೆ ಕೂರುವುದರಲ್ಲಿ. ಮಾವ ಊಟದ ಫೋಟೊದ ಮೇಲೆ ಏಳೆಂಟು ಸಲ ಒತ್ತಿದರು, ಒತ್ತಿದರೆ ಏನೋ ತೆರೆಯುತ್ತದೆ ಎಂದು. ನನ್ನ ನಾಲಿಗೆ ತುದಿಗೆ ಬಂದಿತ್ತು, ತಡೆದುಕೊಂಡೆ. ಆಮೇಲೆ ಆ ಫೋಟೊಗೇ ಊಟದ ವಿವರದ ಲಿಂಕ್ ಹಾಕಿದೆ. ಅಕ್ಕೋರು ದರವನ್ನು ಕೋಣೆಗೆ 1,800 ಎಂದು ಓದಿದರು. ‘ಒಬ್ಬರಿಗೆ’ ಎಂಬುದನ್ನು ದಪ್ಪ ಅಕ್ಷರ ಮಾಡಿ, ಕೆಳಗೆ “ಇಬ್ಬರಿಗೆ 3,600” ಎಂದೂ ಸೇರಿಸಿದೆ. ಹಾಲಿನವರು ಕೆಳಗಿನ ಫೋನ್ ಗುಂಡಿಯನ್ನು ಜಾಹೀರಾತು ಎಂದುಕೊಂಡು ಮುಚ್ಚಲು ನೋಡಿದರು. ಅದು ಕೆಂಪು ಬಣ್ಣದಲ್ಲಿ ಮಿನುಗುತ್ತಿತ್ತು, ಅವರ ತಪ್ಪಲ್ಲ. ಮಿನುಗು ತೆಗೆದೆ. ಹುಡುಗ ಮಾತ್ರ ಹತ್ತು ಸೆಕೆಂಡಿನಲ್ಲಿ ಉತ್ತರ ಹೇಳಿ, “ಇಷ್ಟೇನಾ ಅತ್ತೆ?” ಎಂದ.

ವರ್ಷಕ್ಕೊಮ್ಮೆ ವಹಿಯನ್ನು ಮತ್ತೆ ತೆಗೆಯುತ್ತೇನೆ. ಕಳೆದ ವಾರ ಶುರು ಮಾಡಿದ್ದು ಎರಡನೇ ವಹಿ. ಕಾರಿನ ಪ್ರಶ್ನೆ ಇಲ್ಲಿವರೆಗೆ ಒಂದೂ ಇಲ್ಲ. ಅದರ ಬದಲು ನಾಲ್ಕು ಜನ ಬೇರೆಯೇ ಕೇಳಿದ್ದಾರೆ: “ತೊಡದೇವು ಮಾಡೋದು ತೋರಿಸ್ತೀರಾ?” ಬಿಸಿ ಮಡಿಕೆಯ ಬೆನ್ನ ಮೇಲೆ ಹಿಟ್ಟು ಸವರಿ ಮಾಡುವ ತೆಳು ಸಿಹಿತಿಂಡಿ ಅದು. ಆಲೆಮನೆಯ ದಿನಗಳಲ್ಲಿ ತೋರಿಸಬಹುದು, ಕಬ್ಬಿನ ಹಾಲು ಬೇಕಲ್ವಾ. ಆ ಮಾತನ್ನು ಪುಟಕ್ಕೆ ಸೇರಿಸಬೇಕು. ಮಡಿಕೆಯನ್ನು ಅತ್ತೆ ಅಟ್ಟದಿಂದ ಇಳಿಸಿ ತೊಳೆದಿಟ್ಟಿದ್ದಾರೆ, ನಾಳೆ ಬೆಳಕು ಚೆನ್ನಾಗಿದ್ದರೆ ಫೋಟೊ ತೆಗೆಯುತ್ತೇನೆ.